ಚೀನಾದ ಸೌರಫಲಕವೂ ನಮ್ಮ ಗಚ್ಚಿಯೂ

ಮಳೆಗಾಲ ಮುಗಿಯುತ್ತ ಬಂದಂತೆ ನಮ್ಮ ಕಡೆಯ ಹೌಸಿಂಗ್ ಸೊಸೈಟಿಗಳಲ್ಲಿ ವಾರ್ಷಿಕ ಸಭೆಗಳು ನಡೆಯುವುದು ವಾಡಿಕೆ. ಡೊಂಬಿವಲಿಯ ಪೂರ್ವಭಾಗದಲ್ಲಿ ನಡೆದ ಅಂಥ ಒಂದು ಸಭೆಯಲ್ಲಿ ಈ ಸಲ ಹೊಸ ವಿಷಯವೊಂದು ಬಂದಿತು. ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪಗಳ ಬಿಲ್ಲು ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಗಚ್ಚಿಯ ಮೇಲೆ ಸೌರಫಲಕಗಳನ್ನು ಹಾಕಿಸಿದರೆ ಹೇಗೆ ಎಂದು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ನಮ್ಮ ಸದಸ್ಯರೊಬ್ಬರು ಕೇಳಿದರು. ಲೆಕ್ಕವನ್ನೂ ಬರೆದು ತಂದಿದ್ದರು. ಆಗ ಎಂ.ಐ.ಡಿ.ಸಿ.ಯಲ್ಲಿ ಫಿಟ್ಟರ್ ಕೆಲಸದಲ್ಲಿರುವ ಇನ್ನೊಬ್ಬ ಸದಸ್ಯರು ಎದ್ದು ನಿಂತು, “ಲೆಕ್ಕವೇನೋ ಸರಿ ರಾಯರೇ. ಆದರೆ ಈ ಫಲಕಗಳ ಮೂಲ ಚೀನಾ. ಅಲ್ಲಿ ಗುಡ್ಡೆಗುಡ್ಡೆ ಕಲ್ಲಿದ್ದಲು ಸುಟ್ಟು ಇವನ್ನು ಮಾಡುತ್ತಾರೆ. ಹೊಗೆ ಅಲ್ಲಿ, ಮಡಿ ಇಲ್ಲಿ. ಇದರಿಂದ ಲೋಕದ ಹವೆಗೆ ಏನು ಉಪಕಾರವಾಯಿತು?” ಎಂದರು. ಯಾರಿಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ಸಭೆ ನಿರ್ಣಯವಿಲ್ಲದೆ ಮುಗಿಯಿತು.

ಮುಂದಿನ ಭಾನುವಾರ ಇಬ್ಬರೂ ನಮ್ಮ ವಾಚನಾಲಯಕ್ಕೆ ಬಂದು, ಪತ್ರಿಕೆಗಳ ಮೇಜಿನ ಆಚೆಗೊಬ್ಬರು ಈಚೆಗೊಬ್ಬರು ಕುಳಿತು, ಅದೇ ವಾದವನ್ನು ಮುಂದುವರಿಸಿದರು. ಕೇಳುತ್ತಿದ್ದ ನಮಗೆ ಇಬ್ಬರ ಮಾತಿನಲ್ಲೂ ಸತ್ಯವಿದೆ ಎನಿಸಿತು. ಇಂತಹ ಪ್ರಶ್ನೆ ಇತರ ಸೊಸೈಟಿಗಳಲ್ಲೂ ಬರದೆ ಇರದು. ಆದಕಾರಣ, ತಿಳಿದಷ್ಟನ್ನು ಕೂಡಿಸಿ, ಎರಡೂ ಪಕ್ಷಗಳನ್ನು ವಾಚಕರ ಮುಂದೆ ಇಡುವುದು ಉಚಿತವೆಂದು ಭಾವಿಸಿದ್ದೇವೆ.

ದುಡಿದು ಉಣ್ಣುವ ನಮ್ಮಂಥವರಿಗೆ ಹವೆಯ ಚಿಂತೆ ಏತಕ್ಕೆ ಎಂದು ಕೆಲವರು ಕೇಳಬಹುದು. ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದಾಗ, ರೈಲು ನಿಂತು, ಹಳಿಯ ಮೇಲೆ ನಡೆದೇ ಮನೆ ಸೇರಿದವರು ನಮ್ಮಲ್ಲಿ ಅನೇಕರಿದ್ದಾರೆ. 2019ರ ಜುಲೈ 27ರಂದು ಉಲ್ಹಾಸ ನದಿ ಉಕ್ಕಿ, ಬದ್ಲಾಪುರ–ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನಲ್ಲಿ ಸಿಕ್ಕಿಬಿದ್ದು, ಸಾವಿರ ಮಂದಿ ಪ್ರಯಾಣಿಕರನ್ನು ದೋಣಿಗಳಲ್ಲಿ ಹೊರತರಬೇಕಾಯಿತು. 2023ರ ಏಪ್ರಿಲ್ 16ರಂದು ನವಿಮುಂಬಯಿಯ ಖಾರ್‌ಘರ್‌ನಲ್ಲಿ ಬಯಲು ಸಭೆಯೊಂದಕ್ಕೆ ಬಂದವರಲ್ಲಿ ಹತ್ತಕ್ಕೂ ಹೆಚ್ಚು ಜನ ಬಿಸಿಲಿನ ಹೊಡೆತಕ್ಕೆ ಬಲಿಯಾದರು. ಒಂದೊಂದು ಅನಾಹುತಕ್ಕೂ ಹವೆಯ ಬದಲಾವಣೆಯೊಂದೇ ಕಾರಣವೆನ್ನುವುದು ತಪ್ಪು. ತುಂಬಿದ ನಾಲೆ, ನೆರಳಿಲ್ಲದ ಮೈದಾನ, ಮನುಷ್ಯರ ಅಜಾಗ್ರತೆ ಎಲ್ಲವೂ ಸೇರಿಕೊಂಡಿರುತ್ತವೆ. ಆದರೆ ಭೂಮಿ ಬಿಸಿಯಾದಷ್ಟೂ ಇಂಥ ಮಳೆಯೂ ಇಂಥ ಬಿಸಿಲೂ ಹೆಚ್ಚುವುವೆಂಬುದರಲ್ಲಿ ವಿಜ್ಞಾನಿಗಳಿಗೆ ಸಂದೇಹವಿಲ್ಲ. ಹೊಡೆತ ಮೊದಲು ತಗಲುವುದು ಬಿಸಿಲಲ್ಲಿ ದುಡಿಯುವವನಿಗೆ ಮತ್ತು ತಗ್ಗಿನ ಚಾಳಿನಲ್ಲಿ ಇರುವವನಿಗೆ.

ಇದಕ್ಕೆ ಮುಖ್ಯ ಕಾರಣ ಕಲ್ಲಿದ್ದಲು, ಎಣ್ಣೆ, ಅನಿಲಗಳನ್ನು ಸುಟ್ಟಾಗ ಹೊರಡುವ ಇಂಗಾಲದ ಡೈ ಆಕ್ಸೈಡ್. ಕಾರ್ಖಾನೆಗಳ ಯುಗಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇದು ಸುಮಾರು 280 ಪಾಲು ಇತ್ತು. 1958ರಲ್ಲಿ ಹವಾಯಿ ದ್ವೀಪದ ಬೆಟ್ಟದ ಮೇಲೆ ಕ್ರಮವಾಗಿ ಅಳೆಯಲು ತೊಡಗಿದಾಗ 315ರಷ್ಟಿತ್ತು. ಈಗ 420ನ್ನು ಮೀರಿದೆ. ಕಪ್ಪು ಮಸಿಯು ಎರಡು ಮಳೆಗೆ ತೊಳೆದು ಹೋದೀತು. ಈ ಅನಿಲವಾದರೋ ನೂರಾರು ವರ್ಷ ನಿಲ್ಲುತ್ತದೆ, ಲೋಕವನ್ನೆಲ್ಲ ಸುತ್ತುತ್ತದೆ. ಅದಕ್ಕೆ ಗಡಿಯಿಲ್ಲ, ಪಾಸ್‌ಪೋರ್ಟಿಲ್ಲ. ಷಾಂಗ್‌ಹೈಯಲ್ಲಿ ಬಿಟ್ಟ ಒಂದು ಟನ್ನೂ ಚಂದ್ರಪುರದಲ್ಲಿ ಬಿಟ್ಟ ಒಂದು ಟನ್ನೂ ಹವೆಗೆ ಒಂದೇ. ಆದುದರಿಂದಲೇ ‘ಹೊಗೆ ಅಲ್ಲಿ, ಮಡಿ ಇಲ್ಲಿ’ ಎಂಬ ನಮ್ಮ ಫಿಟ್ಟರ್ ಮಿತ್ರರ ಆಕ್ಷೇಪಣೆ ತೂಕವುಳ್ಳದ್ದು.

ಈ ಆಕ್ಷೇಪಣೆಗೆ ನಮ್ಮ ನೆರೆಯಲ್ಲೇ ಒಂದು ಹಳೆಯ ದೃಷ್ಟಾಂತವಿದೆ. 1925ರ ಫೆಬ್ರವರಿ 3ರಂದು ಬೋರಿಬಂದರಿನಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿತು. ವಿದ್ಯುತ್ ರೈಲಿನಲ್ಲಿ ಹೊಗೆಯಿಲ್ಲ, ಕಣ್ಣಿಗೆ ಕಿಡಿ ಬೀಳುವುದಿಲ್ಲ ಎಂದು ಜನರಿಗೆ ಸಂತೋಷವಾಯಿತು. ಆದರೆ ಈ ಮಾರ್ಗಕ್ಕೆ ವಿದ್ಯುತ್ತನ್ನು ಒದಗಿಸಲು ಜಿ.ಐ.ಪಿ. ರೈಲ್ವೆಯವರು 1929ರ ಸುಮಾರಿಗೆ ಕಲ್ಯಾಣ–ಡೊಂಬಿವಲಿಗಳ ನಡುವೆ ಠಾಕುರ್ಲಿಯ ಚೋಳಾ ಎಂಬಲ್ಲಿ ವಿದ್ಯುದಾಗಾರವನ್ನು ಕಟ್ಟಿದರು. ಅದರ ಆಹಾರ ಕಲ್ಲಿದ್ದಲು. ಎಂಜಿನಿನಿಂದ ಹೊರಡುತ್ತಿದ್ದ ಹೊಗೆ ಠಾಕುರ್ಲಿಯ ಚಿಮಣಿಯಿಂದ ಹೊರಟಿತು, ಅಷ್ಟೆ. ಹಾಗೆಂದು ವಿದ್ಯುತ್ ರೈಲು ಬರಿಯ ವಂಚನೆಯೆನ್ನಲಾದೀತೆ? ಇಲ್ಲ. ದೊಡ್ಡ ವಿದ್ಯುದಾಗಾರವು ಅದೇ ಕಲ್ಲಿದ್ದಲಿನಿಂದ ಉಗಿ ಎಂಜಿನಿಗಿಂತ ಎಷ್ಟೋ ಹೆಚ್ಚು ಕೆಲಸ ತೆಗೆಯುತ್ತದೆ. ಅಲ್ಲದೆ, ತಂತಿ ಒಮ್ಮೆ ಬಂದಮೇಲೆ ಅದರಲ್ಲಿ ಎಲ್ಲಿಯ ವಿದ್ಯುತ್ತು ಬೇಕಾದರೂ ಹರಿಯಬಹುದು. ಚೋಳಾ ಪವರ್ ಹೌಸು ಕಳೆದ ಶತಮಾನದ ಎಂಬತ್ತರ ದಶಕದ ಕೊನೆಗೆ ನಿಂತುಹೋಯಿತು, ರೈಲು ನಿಲ್ಲಲಿಲ್ಲ. ಆದ್ದರಿಂದ ಹೊಗೆ ಎಲ್ಲಿಂದ ಬಂತು ಎಂದು ಕೇಳಿದರೆ ಸಾಲದು. ಎಷ್ಟು ಬಂತು, ಅದರ ಬದಲಿಗೆ ಎಷ್ಟು ಉಳಿಯಿತು, ಮುಂದೆ ಏನಾದೀತು ಎಂದೂ ಕೇಳಬೇಕು.

ಮೊದಲು, ಎಷ್ಟು ಬಂತೆಂಬುದನ್ನು ನೋಡೋಣ. ಸೌರಫಲಕದ ಜೀವಾಳ ಸಿಲಿಕಾನ್, ಅದು ಬೆಣಚುಕಲ್ಲಿನಲ್ಲಿದೆ. ಆ ಕಲ್ಲನ್ನು ಇದ್ದಿಲಿನೊಡನೆ ವಿದ್ಯುತ್ ಕುಲುಮೆಯಲ್ಲಿ ಸುಮಾರು 2000 ಡಿಗ್ರಿ ಶಾಖಕ್ಕೆ ಕಾಯಿಸಿ ಸಿಲಿಕಾನನ್ನು ಬೇರ್ಪಡಿಸುತ್ತಾರೆ. ಅದನ್ನು ಅನಿಲರೂಪಕ್ಕೆ ತಂದು, ಶೋಧಿಸಿ, ಕೆಂಪಗೆ ಕಾದ ಕಡ್ಡಿಗಳ ಮೇಲೆ ಮತ್ತೆ ಘನವಾಗಿ ಕೂರಿಸುತ್ತಾರೆ. ಹೀಗೆ ಶುದ್ಧವಾದುದನ್ನು 1400 ಡಿಗ್ರಿಗೂ ಮೇಲೆ ಕರಗಿಸಿ ದಿಂಡು ಮಾಡಿ, ಹಪ್ಪಳಕ್ಕಿಂತ ತೆಳ್ಳಗೆ ಸೀಳಿ, ಬಿಲ್ಲೆಗಳಾಗಿ ಮಾಡಿ, ಗಾಜಿನಡಿ ಜೋಡಿಸಿ, ಅಲ್ಯೂಮಿನಿಯಂ ಚೌಕಟ್ಟು ಹಾಕುತ್ತಾರೆ. ಕುಲುಮೆಯ ಮುಂದೆ ಕೆಲಸ ಮಾಡಿದ ನಮ್ಮ ವಾಚಕರಿಗೆ, ಇದಕ್ಕೆಲ್ಲ ಎಷ್ಟು ವಿದ್ಯುತ್ತು ಬೇಕಾದೀತೆಂದು ವಿವರಿಸಬೇಕಾಗಿಲ್ಲ. ವಿದ್ಯುತ್ತು ಅಗ್ಗವಾಗಿರುವಲ್ಲಿಗೇ ಇಂಥ ಕಾರ್ಖಾನೆಗಳು ಹೋಗುತ್ತವೆ. ಚೀನಾದಲ್ಲಿ ಅವು ಬಹಳವಾಗಿ ಹೋದದ್ದು ಕಲ್ಲಿದ್ದಲು ಹೇರಳವಾಗಿರುವ ಷಿನ್‌ಜಿಯಾಂಗ್, ಒಳ ಮಂಗೋಲಿಯಾ ಪ್ರಾಂತಗಳಿಗೆ. ಲೋಕದಲ್ಲಿ ಸೌರಫಲಕ ತಯಾರಿಕೆಗೆ ಬಳಸುವ ವಿದ್ಯುತ್ತಿನಲ್ಲಿ ಶೇ. 60ಕ್ಕೂ ಹೆಚ್ಚು ಪಾಲು ಕಲ್ಲಿದ್ದಲಿನದೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು 2022ರಲ್ಲಿ ತಿಳಿಸಿತು. ಇಷ್ಟರಮಟ್ಟಿಗೆ ಫಿಟ್ಟರ್ ಮಿತ್ರರ ಮಾತು ಅಕ್ಷರಶಃ ನಿಜ.

ಆದರೆ ಈ ಹೊಗೆಯನ್ನು ಒಂದು ಸಾಲವೆಂದು ತಿಳಿಯಬೇಕು. ಫಲಕವು ತಾನು ಹುಟ್ಟುವಾಗ ಮಾಡಿದ ಸಾಲವನ್ನು, ಬಿಸಿಲಿನಲ್ಲಿ ದುಡಿದು, ಕಲ್ಲಿದ್ದಲಿನ ವಿದ್ಯುತ್ತನ್ನು ಉಳಿಸಿ ತೀರಿಸುತ್ತದೆ. ಅದೇ ಸಂಸ್ಥೆಯ ಅದೇ ವರದಿಯ ಪ್ರಕಾರ, ಸರಾಸರಿಯಲ್ಲಿ ಈ ಸಾಲ ತೀರಲು 4ರಿಂದ 8 ತಿಂಗಳು ಸಾಕು. ಫಲಕದ ಆಯುಸ್ಸಾದರೋ 25ರಿಂದ 30 ವರ್ಷ. ನಮ್ಮ ಸಂಶಯಕ್ಕಾಗಿ ಸಾಲವನ್ನು ದುಪ್ಪಟ್ಟು ಹಿಡಿದರೂ ಒಂದೂವರೆ ವರ್ಷದೊಳಗೆ ಖಾತೆ ಚುಕ್ತಾ ಆಗಬೇಕು. ಉಳಿದ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ದುಡಿಮೆ ಹವೆಗೆ ನಿವ್ವಳ ಲಾಭ.

ಗುಮಾಸ್ತ ಮಿತ್ರರ ಲೆಕ್ಕವನ್ನೇ ಇಲ್ಲಿ ತೆಗೆದುಕೊಳ್ಳೋಣ. ಸೊಸೈಟಿಯ ಗಚ್ಚಿಯ ಮೇಲೆ 20 ಕಿಲೋವ್ಯಾಟಿನ ಫಲಕಗಳನ್ನು ಹಾಕಿಸಬೇಕೆಂದು ಅವರ ಸೂಚನೆ. ಇದಕ್ಕೆ ಸುಮಾರು 2000 ಚದರಡಿ ಜಾಗ ಬೇಕು. ನಮ್ಮ ಕಡೆಯ ನಾಲ್ಕು ತಿಂಗಳ ಮೋಡವನ್ನು ಲೆಕ್ಕಕ್ಕೆ ಹಿಡಿದರೂ ಒಂದು ಕಿಲೋವ್ಯಾಟ್ ವರ್ಷಕ್ಕೆ ಹೆಚ್ಚುಕಡಿಮೆ 1400 ಯೂನಿಟ್ ಕೊಡುತ್ತದೆ. ಇಪ್ಪತ್ತಕ್ಕೆ 28,000 ಯೂನಿಟ್. ನಮ್ಮ ದೇಶದ ವಿದ್ಯುತ್ ಜಾಲದಿಂದ ಬರುವ ಪ್ರತಿ ಯೂನಿಟ್ಟಿನ ಹಿಂದೆ ಸರಾಸರಿ ಮುಕ್ಕಾಲು ಕಿಲೋದ ಸಮೀಪ ಇಂಗಾಲದ ಡೈ ಆಕ್ಸೈಡ್ ಹೊರಟಿರುತ್ತದೆ. ಏಕೆಂದರೆ ಭಾರತದ ವಿದ್ಯುತ್ತಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಕಲ್ಲಿದ್ದಲಿನದು. ಆದಕಾರಣ ಒಂದೇ ಕಟ್ಟಡದ ಗಚ್ಚಿಯಿಂದ ವರ್ಷಕ್ಕೆ ಸುಮಾರು 20 ಟನ್ ಉಳಿತಾಯ. ಅಷ್ಟೂ ಫಲಕಗಳನ್ನು ಮಾಡುವಾಗ ಹೊರಟದ್ದು, ಮೇಲಿನ ಲೆಕ್ಕದಂತೆ, ಹೆಚ್ಚೆಂದರೆ ಹದಿನಾಲ್ಕು ಟನ್. ಅದೂ ಒಂದೇ ಸಲ. ಹೀಗಾಗಿ, ಒಂದು ಫಲಕದ ಮಟ್ಟಿಗೆ ಕೇಳಿದರೆ, ಅದು ಕಲ್ಲಿದ್ದಲಿನಿಂದ ಹುಟ್ಟಿದ್ದರೂ ಹವೆಗೆ ಉಪಕಾರವೇ ಸರಿ. ಈ ಅಂಶದಲ್ಲಿ ಗುಮಾಸ್ತ ಮಿತ್ರರ ಪಕ್ಷ ಗೆದ್ದಿತೆನ್ನಬೇಕು.

ಒಂದು ಫಲಕದ ಪ್ರಶ್ನೆ ಬೇರೆ, ಒಂದು ದೇಶದ ಪ್ರಶ್ನೆ ಬೇರೆ. ಚೀನಾ ದೇಶವು ಈ ದಾರಿಯಲ್ಲಿ ಮಾಡಿರುವ ಕೆಲಸದ ಗಾತ್ರ ಬೆರಗು ಹುಟ್ಟಿಸುವಂಥದು. 2020ರಲ್ಲಿ ಅಲ್ಲಿನ ಅಧ್ಯಕ್ಷ ಷಿ ಜಿನ್‌ಪಿಂಗ್ ಅವರು ವಿಶ್ವಸಂಸ್ಥೆಯಲ್ಲಿ ಮಾತನಾಡಿ, 2030ರೊಳಗೆ ತಮ್ಮ ದೇಶದ ಹೊಗೆ ಶಿಖರ ಮುಟ್ಟಿ ಇಳಿಯತೊಡಗುವುದೆಂದೂ 2060ರೊಳಗೆ ನಿವ್ವಳ ಶೂನ್ಯಕ್ಕೆ ಬರುವುದೆಂದೂ ಹೇಳಿದರು. ಅದೇ ವರ್ಷ, 2030ಕ್ಕೆ ಗಾಳಿ ಮತ್ತು ಬಿಸಿಲಿನಿಂದ 1200 ಗಿಗಾವ್ಯಾಟ್ ಸಾಮರ್ಥ್ಯವನ್ನು ಸ್ಥಾಪಿಸುವ ಗುರಿ ಇಟ್ಟುಕೊಂಡರು. ಆ ಗುರಿಯನ್ನು 2024ರಲ್ಲಿಯೇ, ಆರು ವರ್ಷ ಮುಂಚೆ, ಮುಟ್ಟಿದ್ದಾಯಿತು. 2024ರ ಒಂದೇ ವರ್ಷದಲ್ಲಿ ಚೀನಾ ಹಾಕಿದ ಸೌರಫಲಕ ಸುಮಾರು 277 ಗಿಗಾವ್ಯಾಟಿನಷ್ಟು. ನಮ್ಮ ಕರ್ನಾಟಕದ ಹೆಮ್ಮೆಯಾದ ಪಾವಗಡದ ಸೌರಕ್ಷೇತ್ರ ಎರಡು ಗಿಗಾವ್ಯಾಟಿಗಿಂತ ತುಸು ಹೆಚ್ಚು. ಅಂಥ ನೂರಮೂವತ್ತಕ್ಕೂ ಮಿಕ್ಕ ಪಾವಗಡಗಳನ್ನು ಅವರು ಒಂದೇ ವರ್ಷದಲ್ಲಿ ಕಟ್ಟಿದರೆಂದು ತಿಳಿದರೆ ಅದರ ಅಳತೆ ಮನಸ್ಸಿಗೆ ಹತ್ತೀತು.

ಇದರ ಫಲ ಚೀನಾದ ಗಡಿಯೊಳಗೇ ನಿಲ್ಲಲಿಲ್ಲ. ಸೌರಫಲಕ ತಯಾರಿಕೆಯ ಎಲ್ಲ ಹಂತಗಳಲ್ಲೂ ಲೋಕದ ಶೇ. 80ಕ್ಕಿಂತ ಹೆಚ್ಚು ಪಾಲು ಈಗ ಅಲ್ಲಿಯದು. ಒಂದೇ ಕಡೆ ಅಷ್ಟು ಅಗಾಧವಾಗಿ ಮಾಡಿದ್ದರಿಂದ ಬೆಲೆ ಕುಸಿಯಿತು. ನಮ್ಮ ದೇಶದಲ್ಲಿ 2010ರಲ್ಲಿ ರಾಷ್ಟ್ರೀಯ ಸೌರ ಯೋಜನೆಯ ಮೊದಲ ಹರಾಜಾದಾಗ ಸೌರವಿದ್ಯುತ್ತಿನ ದರ ಯೂನಿಟ್ಟಿಗೆ ಸರಾಸರಿ 12 ರೂಪಾಯಿಯಷ್ಟಿತ್ತು. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಾಡ್ಲಾದಲ್ಲಿ ಅದು 2 ರೂಪಾಯಿ 44 ಪೈಸೆಗೆ ಇಳಿಯಿತು. ಆ ವರ್ಷಗಳಲ್ಲಿ ನಮ್ಮಲ್ಲಿ ಹಾಕಿದ ಫಲಕಗಳಲ್ಲಿ ಬಹುಪಾಲು ಚೀನಾದಿಂದ ಬಂದವೇ. ಸೌರವಿದ್ಯುತ್ತು ಶ್ರೀಮಂತ ದೇಶಗಳ ಶೋಕಿಯಾಗಿದ್ದುದು ಹೋಗಿ, ಡೊಂಬಿವಲಿಯ ಸೊಸೈಟಿಯೊಂದರ ಸಭೆಯಲ್ಲಿ ಚರ್ಚೆಗೆ ಬರುವಂತಾಯಿತಲ್ಲ, ಅದು ಈ ಬೆಲೆಯ ಇಳಿತದಿಂದ.

ಇನ್ನು ಎದುರು ಪಕ್ಷ. ಇಷ್ಟೆಲ್ಲ ಮಾಡಿಯೂ ಚೀನಾ ಲೋಕದ ಕಲ್ಲಿದ್ದಲಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಾನೊಂದೇ ಸುಡುತ್ತಿದೆ. ಲೋಕದ ಇಂಗಾಲದ ಹೊಗೆಯಲ್ಲಿ ಹತ್ತರಲ್ಲಿ ಮೂರು ಪಾಲು ಅಲ್ಲಿಂದ ಹೊರಡುತ್ತದೆ. 2021ರ ಶರತ್ಕಾಲದಲ್ಲಿ ಅಲ್ಲಿ ವಿದ್ಯುತ್ತಿನ ಅಭಾವವಾಗಿ ಕಾರ್ಖಾನೆಗಳು ನಿಂತಮೇಲೆ, ಸರಕಾರವು ಹೆದರಿ, ಹೊಸ ಕಲ್ಲಿದ್ದಲು ಸ್ಥಾವರಗಳಿಗೆ ಧಾರಾಳವಾಗಿ ಅನುಮತಿ ಕೊಟ್ಟಿತು. 2024ರಲ್ಲಿ 94 ಗಿಗಾವ್ಯಾಟಿಗೂ ಮಿಕ್ಕ ಕಲ್ಲಿದ್ದಲು ಸ್ಥಾವರಗಳ ಕಟ್ಟಡ ಆರಂಭವಾಯಿತು. ಹತ್ತು ವರ್ಷಗಳಲ್ಲಿ ಇಷ್ಟು ಆಗಿರಲಿಲ್ಲ. ಒಂದು ಕೈಯಲ್ಲಿ ಫಲಕ, ಇನ್ನೊಂದು ಕೈಯಲ್ಲಿ ಕಲ್ಲಿದ್ದಲು. ಇದೇನು ಹವೆಯ ರಕ್ಷಣೆಯೋ, ವ್ಯಾಪಾರವೋ ಎಂದು ಕೇಳುವವರನ್ನು ತಪ್ಪೆನ್ನಲಾಗದು.

ಈ ವೈಚಿತ್ರ್ಯವನ್ನು ಸಂಸಾರದ ಲೆಕ್ಕದಿಂದ ತಿಳಿಯಬಹುದು. ಒಬ್ಬನ ಸಂಬಳ ಏರಿತು. ಆದರೆ ಖರ್ಚು ಅದಕ್ಕಿಂತ ಬೇಗ ಏರಿತು. ಆಗ ಸಂಬಳ ಏರಿದ್ದೂ ನಿಜ, ಸಾಲ ಬೆಳೆದದ್ದೂ ನಿಜ. ಚೀನಾದಲ್ಲಿ ವಿದ್ಯುತ್ತಿನ ಬೇಡಿಕೆಯು 2023, 2024ರಲ್ಲಿ ವರ್ಷಕ್ಕೆ ಶೇ. 7ರ ಹತ್ತಿರ ಬೆಳೆಯಿತು. ಹೊಸ ಫಲಕ, ಹೊಸ ಗಾಳಿಯಂತ್ರಗಳೆಲ್ಲ ಆ ಹೆಚ್ಚಿನ ಬೇಡಿಕೆಯನ್ನು ಪೂರೈಸುವುದರಲ್ಲೇ ಮುಗಿದರೆ, ಹಳೆಯ ಕಲ್ಲಿದ್ದಲು ಹಾಗೆಯೇ ಉರಿಯುತ್ತಿರುತ್ತದೆ. ಹವೆಗೆ ಬೇಕಾದದ್ದು ಹೊಸ ಒಳ್ಳೆಯದು ಹೆಚ್ಚುವುದಲ್ಲ, ಹಳೆಯ ಕೆಟ್ಟದ್ದು ಕಡಮೆಯಾಗುವುದು. ಸೌರಫಲಕ ಎಷ್ಟು ಹಾಕಿದರೆಂದು ಕೇಳಿ ಚಪ್ಪಾಳೆ ತಟ್ಟುವವರು ಈ ಭೇದವನ್ನು ಮರೆಯುತ್ತಾರೆ.

ಹಾಗಾದರೆ ಹಳೆಯದು ಕಡಮೆಯಾಗುತ್ತಿದೆಯೆ? ಲಕ್ಷಣಗಳಿವೆ. 2007ರ ಸುಮಾರಿಗೆ ಚೀನಾದ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ಶೇ. 80ರ ಆಸುಪಾಸಿನಲ್ಲಿತ್ತು; 2024ರಲ್ಲಿ ಶೇ. 60ಕ್ಕಿಂತ ಕೆಳಗೆ ಬಂದಿತು. 2025ರ ಮೊದಲ ಆರು ತಿಂಗಳಲ್ಲಿ ಆ ದೇಶದ ಒಟ್ಟು ಇಂಗಾಲದ ಹೊಗೆ, ಅದರ ಹಿಂದಿನ ವರ್ಷದ ಅದೇ ಅವಧಿಗಿಂತ ಸುಮಾರು ಶೇ. 1 ಕಡಮೆಯಾಯಿತೆಂದು ಲೆಕ್ಕ ತೆಗೆದವರು ಹೇಳಿದ್ದಾರೆ. ಹಿಂದೆಯೂ ಹೊಗೆ ಇಳಿದದ್ದುಂಟು. ಆದರೆ ಆಗ ವ್ಯಾಪಾರ ಕುಗ್ಗಿತ್ತು. ಬೇಡಿಕೆ ಬೆಳೆಯುತ್ತಿರುವಾಗಲೇ, ಬಿಸಿಲು–ಗಾಳಿಗಳ ಬಲದಿಂದ ಏರಿಕೆ ನಿಂತದ್ದು ಹೊಸ ಸಂಗತಿ. 2025ರ ಸೆಪ್ಟೆಂಬರಿನಲ್ಲಿ ಚೀನಾ, 2035ರೊಳಗೆ ತನ್ನ ಹೊಗೆಯನ್ನು ಶಿಖರಕ್ಕಿಂತ ಶೇ. 7ರಿಂದ 10ರಷ್ಟು ಇಳಿಸುವೆನೆಂದು ಘೋಷಿಸಿತು. ಅದರ ಶಕ್ತಿಗೆ ಹೋಲಿಸಿದರೆ ಇದು ಚಿಕ್ಕ ಮಾತು. ಆದರೂ ‘ಏರಿಕೆಯನ್ನು ನಿಧಾನ ಮಾಡುತ್ತೇವೆ’ ಎಂಬುದರಿಂದ ‘ಇಳಿಸುತ್ತೇವೆ’ ಎಂಬುದಕ್ಕೆ ಬಂದದ್ದು ಒಂದು ಹೆಜ್ಜೆಯೇ.

ರಾತ್ರಿಯ ಪ್ರಶ್ನೆಯೊಂದು ಉಳಿಯುತ್ತದೆ. ಕಚೇರಿಯಿಂದ ಲೋಕಲ್ ಹಿಡಿದು ನಾವು ಮನೆಗೆ ಬಂದು ದೀಪ ಹಾಕುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಹಗಲಿನ ವಿದ್ಯುತ್ತನ್ನು ಕೂಡಿಡದಿದ್ದರೆ ಸಂಜೆಗೆ ಕಲ್ಲಿದ್ದಲೇ ಗತಿ. ಕೊಂಡೊಯ್ಯಲು ತಂತಿಯಿಲ್ಲದಿದ್ದರೆ ಇನ್ನೂ ಕಷ್ಟ. ಚೀನಾದ ಗಾನ್ಸು ಪ್ರಾಂತದಲ್ಲಿ 2016ರಲ್ಲಿ ಗಾಳಿಯಿಂದ ಸಿಗಬಹುದಾಗಿದ್ದ ವಿದ್ಯುತ್ತಿನಲ್ಲಿ ಶೇ. 43ರಷ್ಟನ್ನು ವ್ಯರ್ಥವಾಗಿ ಬಿಟ್ಟುಬಿಡಬೇಕಾಯಿತು. ಕೂಡಿಡಲು ಬ್ಯಾಟರಿಗಳುಂಟು; ಇನ್ನೊಂದು ಹಳೆಯ ಉಪಾಯ ನಮ್ಮ ಥಾಣೆ ಜಿಲ್ಲೆಯ ಅಂಚಿನಲ್ಲೇ ಇದೆ. ಶಹಾಪುರ ತಾಲ್ಲೂಕಿನ ಗಡಿಯ ಘಾಟಘರ್ ಎಂಬಲ್ಲಿ 2008ರಿಂದ 250 ಮೆಗಾವ್ಯಾಟಿನ ಕೇಂದ್ರವೊಂದಿದೆ. ವಿದ್ಯುತ್ತು ಮಿಕ್ಕಾಗ ಕೆಳಗಿನ ಕೆರೆಯ ನೀರನ್ನು ಘಟ್ಟದ ಮೇಲಿನ ಕೆರೆಗೆ ಎತ್ತುವುದು, ಬೇಕಾದಾಗ ಅದನ್ನು ಇಳಿಯಬಿಟ್ಟು ವಿದ್ಯುತ್ತು ತೆಗೆಯುವುದು. ಹಗಲು ಹಾಲು ಕರೆದು ರಾತ್ರಿಗೆ ಹೆಪ್ಪು ಹಾಕಿಟ್ಟ ಹಾಗೆ. ಫಲಕಗಳ ಜೊತೆಗೆ ಇಂಥ ಏರ್ಪಾಟೂ ಬೆಳೆಯದಿದ್ದರೆ ಕಲ್ಲಿದ್ದಲು ಹೋಗಲಾರದು. ಇದು ಚೀನಾಕ್ಕೂ ಸಲ್ಲುವ ಮಾತು, ನಮಗೂ ಸಲ್ಲುವ ಮಾತು.

ನೆರೆಯವರ ತಪ್ಪನ್ನು ಎಣಿಸುವಾಗ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ನಮ್ಮ ದೇಶದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಹೊಗೆ. ಚೀನಾದಲ್ಲಿ 8 ಟನ್ನಿಗೂ ಮೇಲೆ. ಅಮೆರಿಕದಲ್ಲಿ ಅದಕ್ಕೂ ಹೆಚ್ಚು. ಹಾಗಾಗಿ ನಮ್ಮ ಪಾಪ ಚಿಕ್ಕದೆನ್ನಬಹುದು. ಆದರೆ ಕಲ್ಲಿದ್ದಲಿನ ಮೋಹ ನಮಗೂ ಇದೆ. ಕೊಂಕಣ ರೈಲಿನಲ್ಲಿ ಊರಿಗೆ ಹೋಗುವ ಉಡುಪಿಯ ಕಡೆಯವರಿಗೆ ಪಡುಬಿದ್ರಿಯ ಬಳಿ ಎಲ್ಲೂರು–ನಂದಿಕೂರಿನ ಎತ್ತರದ ಚಿಮಣಿ ಚೆನ್ನಾಗಿ ಗೊತ್ತು. ಅದು 1200 ಮೆಗಾವ್ಯಾಟಿನ ಸ್ಥಾವರ. ಸುಡುವುದು ಹಡಗಿನಲ್ಲಿ ಬಂದ ವಿದೇಶದ ಕಲ್ಲಿದ್ದಲನ್ನು. ಅದರ ಯಂತ್ರಗಳನ್ನು ತರಿಸಿದ್ದು ಚೀನಾದಿಂದ. ಹೊಲಕ್ಕೆ, ಬಾವಿಗೆ ಬೂದಿ–ಉಪ್ಪು ಬೀಳುವುದೆಂದು ಅಲ್ಲಿಯ ಊರವರು ವರ್ಷಗಟ್ಟಲೆ ಹೋರಾಡಿದ್ದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಚೀನಾದಿಂದ ಕಲ್ಲಿದ್ದಲಿನ ಬಾಯ್ಲರ್ ತರಿಸುವಾಗ ಏಳದ ಪ್ರಶ್ನೆ, ಸೌರಫಲಕ ತರಿಸುವಾಗ ಮಾತ್ರ ಏಳುವುದು ನ್ಯಾಯವಲ್ಲ. ಹೊರದೇಶಗಳಲ್ಲಿ ಇನ್ನು ಹೊಸ ಕಲ್ಲಿದ್ದಲು ಸ್ಥಾವರ ಕಟ್ಟುವುದಿಲ್ಲವೆಂದು ಚೀನಾ 2021ರಲ್ಲಿ ಮಾತು ಕೊಟ್ಟಿತು. ಅದು ಮೊದಲೇ ಆಗಿದ್ದರೆ ಚೆನ್ನಾಗಿತ್ತು.

ಯಂತ್ರ ಎಲ್ಲಿಯದೆಂಬ ಪ್ರಶ್ನೆಯನ್ನು ಇನ್ನೊಂದು ರೀತಿಯಲ್ಲಿಯೂ ನೋಡಬಹುದು. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದಾಗ ಅದರ ಯಂತ್ರಗಳು ಬಂದದ್ದು ಪರದೇಶದಿಂದ. ಅವನ್ನು ಎರಕ ಹೊಯ್ದದ್ದೂ ಕಲ್ಲಿದ್ದಲಿನ ಕುಲುಮೆಗಳಲ್ಲಿಯೇ. ಆದರೂ ಆ ನೀರಿನ ವಿದ್ಯುತ್ತು ಗಣಿಯಲ್ಲಿ ಉರಿಯಬೇಕಾಗಿದ್ದ ಎಷ್ಟು ಸೌದೆ, ಎಷ್ಟು ಕಲ್ಲಿದ್ದಲನ್ನು ಉಳಿಸಿತು! ಮುಂದೆ ನಮ್ಮವರೇ ಅಂಥ ಯಂತ್ರಗಳನ್ನು ಮಾಡಲು ಕಲಿತರು.

ಈಗ ಪಾವಗಡಕ್ಕೆ ಬರೋಣ. ತುಮಕೂರು ಜಿಲ್ಲೆಯ ಈ ತಾಲ್ಲೂಕು ಬರಗಾಲಕ್ಕೆ ಹೆಸರಾದದ್ದು. ಅಲ್ಲಿಯ ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುತ್ತಿನ ಸುಮಾರು 13,000 ಎಕರೆಯಲ್ಲಿ ಸೌರಕ್ಷೇತ್ರ ಎದ್ದಿತು. 2018ರ ಮಾರ್ಚಿನಲ್ಲಿ ಮೊದಲ ಹಂತ ಆರಂಭವಾಗಿ, 2019ರ ಕೊನೆಗೆ 2050 ಮೆಗಾವ್ಯಾಟ್ ಪೂರ್ಣವಾಯಿತು. ಅಲ್ಲಿ ಜಮೀನನ್ನು ಕೊಂಡುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆಯೊಡನೆ, ರೈತರಿಂದ ಗೇಣಿಗೆ ಪಡೆದರು. ಮಳೆಯಿಲ್ಲದೆ ಶೇಂಗಾ ಒಣಗುತ್ತಿದ್ದ ಹೊಲಕ್ಕೆ ಇದು ಕಂಡರಿಯದ ವರಮಾನ. ಆದರೆ ಹೊಲ ಇದ್ದವನಿಗೆ ಗೇಣಿ ಬಂತು. ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವನಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಏನೂ ಬರಲಿಲ್ಲ. ಫಲಕ ಒರೆಸುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿತು. ಉಳಿದವರು ಊರು ಬಿಟ್ಟು ದುಡಿಯಲು ಹೋಗಬೇಕಾಯಿತು. ಊರು ಬಿಟ್ಟು ಬಂದ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹವೆಗೆ ಒಳ್ಳೆಯದಾದದ್ದೆಲ್ಲ ಬಡವನಿಗೆ ತಾನಾಗಿಯೇ ಒಳ್ಳೆಯದಾಗುವುದಿಲ್ಲ. ಅದನ್ನು ಬೇರೆಯಾಗಿ ನೋಡಿಕೊಳ್ಳಬೇಕಾಗುತ್ತದೆ.

ಫಲಕ ಮಾಡುವ ಕಾರ್ಮಿಕನ ವಿಚಾರವೂ ಹೀಗೆಯೇ. ಷಿನ್‌ಜಿಯಾಂಗ್ ಪ್ರಾಂತದಲ್ಲಿ ಉಯ್ಗುರ್ ಜನರಿಂದ ಬಲವಂತದ ದುಡಿಮೆ ಮಾಡಿಸುತ್ತಾರೆಂಬ ಆರೋಪದ ಮೇಲೆ, ಅಮೆರಿಕವು 2022ರ ಜೂನಿನಿಂದ ಅಲ್ಲಿಯ ಸರಕನ್ನು ಕಾನೂನಿನಿಂದ ತಡೆಯುತ್ತಿದೆ. ಚೀನಾ ಸರಕಾರ ಈ ಆರೋಪವನ್ನು ಒಪ್ಪುವುದಿಲ್ಲ. 2011ರ ಸೆಪ್ಟೆಂಬರಿನಲ್ಲಿ ಝೆಜಿಯಾಂಗ್ ಪ್ರಾಂತದ ಹೈನಿಂಗ್ ಎಂಬಲ್ಲಿ ಸೌರಫಲಕದ ಕಾರ್ಖಾನೆಯ ವಿಷದಿಂದ ಹೊಳೆಯ ಮೀನು ಸತ್ತವೆಂದು ಹಳ್ಳಿಯವರು ದಂಗೆಯೆದ್ದರು. ರಾಸಾಯನಿಕ ಕಾರ್ಖಾನೆಗಳ ಮಗ್ಗುಲಲ್ಲಿ ಬಾಳುವುದೆಂದರೇನೆಂದು 2016ರ ಮೇ ಮತ್ತು 2024ರ ಮೇ ತಿಂಗಳ ಸ್ಫೋಟಗಳನ್ನು ಕಂಡ ಡೊಂಬಿವಲಿಯವರಿಗೆ ತಿಳಿಯದೆ? ಅಗ್ಗದ ಬೆಲೆಯಲ್ಲಿ ಇವೂ ಸೇರಿರುತ್ತವೆ. ಹಳೆಯದಾದ ಫಲಕಗಳ ವಿಲೇವಾರಿಯೂ ಮುಂದಿನ ಹೊರೆ. ನಮ್ಮ ದೇಶದ 2022ರ ಇ–ತ್ಯಾಜ್ಯ ನಿಯಮಗಳಲ್ಲಿ ಸೌರಫಲಕಗಳನ್ನೂ ಸೇರಿಸಿರುವುದು ಒಳ್ಳೆಯದೇ ಆಯಿತು.

ಒಂದೇ ದೇಶವನ್ನು ನಂಬಿ ಕುಳಿತರೆ ಅಪಾಯವೆಂದು ನಮ್ಮ ಸರಕಾರವು 2022ರ ಏಪ್ರಿಲ್‌ನಿಂದ ವಿದೇಶೀ ಫಲಕಗಳಿಗೆ ಶೇ. 40, ಬಿಲ್ಲೆಗಳಿಗೆ ಶೇ. 25 ಸುಂಕ ಹಾಕಿತು. 2024ರ ಫೆಬ್ರವರಿಯಲ್ಲಿ ಆರಂಭವಾದ ‘ಪಿ.ಎಂ. ಸೂರ್ಯಘರ್’ ಯೋಜನೆಯಲ್ಲಿ ಸೊಸೈಟಿಗಳ ಲಿಫ್ಟು–ಪಂಪುಗಳ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನವುಂಟು. ಯೋಜನೆಯ ಅವಧಿ 2026–27ರ ಆರ್ಥಿಕ ವರ್ಷದವರೆಗೆ. ಅದು ಸಿಗಬೇಕಾದರೆ ಫಲಕವೂ ಅದರೊಳಗಿನ ಬಿಲ್ಲೆಯೂ ಭಾರತದಲ್ಲೇ ತಯಾರಾಗಿರಬೇಕು. ಆದುದರಿಂದ ನಮ್ಮ ಸೊಸೈಟಿಯ ಗಚ್ಚಿಗೆ ಬರುವ ಫಲಕ ನಮ್ಮ ದೇಶದ್ದೇ ಆಗುತ್ತದೆ. ಬಿಲ್ಲೆಗೆ ಬೇಕಾದ ಸಿಲಿಕಾನ್ ಮಾತ್ರ ಬಹುಮಟ್ಟಿಗೆ ಇನ್ನೂ ಚೀನಾದಿಂದಲೇ ಬರುತ್ತಿದೆ. ಮತ್ತೊಂದು ಮಾತು: ನಮ್ಮ ದೇಶದ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ಚೀನಾದ್ದಕ್ಕಿಂತ ಹೆಚ್ಚು. ಸ್ವದೇಶಿ ಫಲಕದಿಂದ ನಮ್ಮವರಿಗೆ ಕೆಲಸ ಸಿಕ್ಕೀತು, ಅವಲಂಬನೆ ಕಡಮೆಯಾದೀತು. ಹೊಗೆ ಮಾತ್ರ ಸ್ವದೇಶಿ ಎಂಬಷ್ಟಕ್ಕೇ ಕಡಮೆಯಾಗದು.

ಒಟ್ಟಿನಲ್ಲಿ ನಮಗೆ ತೋರುವುದಿಷ್ಟು. ಚೀನಾದ ಫಲಕ ಹವೆಗೆ ಉಪಕಾರವೆ ಎಂದರೆ, ಹೌದು, ಲೆಕ್ಕ ಸ್ಪಷ್ಟವಾಗಿದೆ. ಚೀನಾ ದೇಶವು ಹವೆಗೆ ಉಪಕಾರ ಮಾಡುತ್ತಿದೆಯೆ ಎಂದರೆ, ಅದು ಲೋಕಕ್ಕೆ ಅಗ್ಗದ ಸಾಧನವನ್ನು ಕೊಟ್ಟಿದೆ, ತನ್ನ ಕಲ್ಲಿದ್ದಲನ್ನು ಇನ್ನೂ ಬಿಟ್ಟಿಲ್ಲ. ಅದರ ಪರೀಕ್ಷೆ ಮುಂದಿನ ಹತ್ತು ವರ್ಷಗಳಲ್ಲಿ ಆಗಬೇಕು. ಅದು ಪುಣ್ಯಕ್ಕಾಗಿ ಮಾಡಿತೋ ಲಾಭಕ್ಕಾಗಿ ಮಾಡಿತೋ ಎಂಬ ಚರ್ಚೆಯಿಂದ ಹವೆಗೆ ಏನೂ ಆಗಬೇಕಾದ್ದಿಲ್ಲ. ಆದರೆ ನ್ಯಾಯದ ಪ್ರಶ್ನೆ ಬೇರೆ; ಅದನ್ನು ಪಾವಗಡದಲ್ಲೂ ಕೇಳಬೇಕು, ಷಿನ್‌ಜಿಯಾಂಗಿನಲ್ಲೂ ಕೇಳಬೇಕು.

ಸೊಸೈಟಿಗಳಲ್ಲಿ ಈ ವಿಷಯ ಬಂದಾಗ ಮೂರು ಸಂಗತಿಗಳನ್ನು ವಿಚಾರಿಸಿಕೊಳ್ಳುವುದು ಲೇಸು. ಗಚ್ಚಿಯು ಭಾರವನ್ನೂ ಮಳೆಗಾಲದ ಗಾಳಿಯನ್ನೂ ತಾಳೀತೇ ಎಂದು ತಿಳಿದ ಎಂಜಿನಿಯರಿಂದ ನೋಡಿಸಬೇಕು. ಸೋರುವ ಗಚ್ಚಿಯಾದರೆ ಮೊದಲು ಅದರ ದುರಸ್ತಿ. ಫಲಕ ಯಾರದು, ಖಾತ್ರಿ ಎಷ್ಟು ವರ್ಷದ್ದು, ಕೆಟ್ಟರೆ ಬಂದು ನೋಡುವವರು ಯಾರು ಎಂಬುದನ್ನು ಕಾಗದದಲ್ಲಿ ಬರೆಯಿಸಿಕೊಳ್ಳಬೇಕು. ನೆಟ್ ಮೀಟರಿನ ಈಗಿನ ನಿಯಮಗಳನ್ನು ಮಹಾವಿತರಣದ ಕಚೇರಿಯಲ್ಲೇ ಕೇಳಿ ತಿಳಿದುಕೊಳ್ಳಬೇಕು. ಮಾರುವವನ ಬಾಯಿಮಾತು ಸಾಲದು.

ಇದನ್ನೆಲ್ಲ ಓದಿ ತೋರಿಸಿದಾಗ ಫಿಟ್ಟರ್ ಮಿತ್ರರು, “ಸಾಲ ತೀರುತ್ತದೆ ಎಂಬುದನ್ನು ಒಪ್ಪಿದೆ. ಆದರೆ ಗುಜ್ಜು–ನಟ್ಟು ಬಿಗಿಯಾಗಿವೆಯೋ ಇಲ್ಲವೋ ನಾನೇ ಹತ್ತಿ ನೋಡುತ್ತೇನೆ” ಎಂದರು. “ಅದಕ್ಕೇ ನಿಮ್ಮನ್ನು ಕಮಿಟಿಗೆ ಹಾಕುವುದು” ಎಂದು ಗುಮಾಸ್ತ ಮಿತ್ರರು ಹೆಸರನ್ನು ಬರೆದೇಬಿಟ್ಟರು. ವಿಶೇಷ ಸಭೆ ಮುಂದಿನ ತಿಂಗಳು ಸೇರುವುದಿದೆ. ತಮ್ಮ ಕಟ್ಟಡಗಳಲ್ಲಿ ಈಗಾಗಲೇ ಫಲಕ ಹಾಕಿಸಿರುವ ವಾಚಕರು, ಬಿಲ್ಲು ಎಷ್ಟು ಇಳಿಯಿತು, ಮಳೆಗಾಲದಲ್ಲಿ ಹೇಗಾಯಿತು, ಏನು ತೊಂದರೆ ಬಂದಿತು ಎಂಬುದನ್ನು ಬರೆದು ವಾಚನಾಲಯದ ಪೆಟ್ಟಿಗೆಯಲ್ಲಿ ಹಾಕಿದರೆ, ಅದನ್ನು ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುವೆವು.